ಮಿನಾರಿನ ಮುಂದಿನ ಫ್ಲೆಕ್ಸ್ ತೆಗೆಸಿ: ಗದಗ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಲಕ್ಷ್ಮೇಶ್ವರದ ಜುಮ್ಮಾ ಮಸೀದಿಯ ಎದುರು ಕಟ್ಟುವ ಫ್ಲೆಕ್ಸ್‌ಗಳನ್ನೂ ಮಿನಾರುಗಳಿಗೆ ಅಡ್ಡವಾಗಿ ಎಳೆದ ಕೇಬಲ್‌ಗಳನ್ನೂ ದಯವಿಟ್ಟು ತೆಗೆಸಿ. ವರ್ಷಗಳಿಂದ ಬಾಯಿಮಾತಿನಲ್ಲಿ ಕೇಳಿದ್ದೇನೆ, ಅರ್ಜಿ ಕೊಟ್ಟಿದ್ದೇನೆ. ‘ನೋಡೋಣ’ ಎಂಬುದನ್ನು ಕೇಳಿ ಕೇಳಿ ಸಾಕಾಗಿದೆ.

ಅಂಕುಶಖಾನ 1617ರಲ್ಲಿ ಕಟ್ಟಿಸಿದ ಮಸೀದಿ ಇದು. ಆದಿಲ್‌ಶಾಹಿ ಶೈಲಿಯ ದೊಡ್ಡ ಗುಮ್ಮಟ, ಎರಡು ಎತ್ತರದ ಮಿನಾರು, ಜೊತೆಗೆ ನಮ್ಮ ಗುಡಿಗಳ ದ್ರಾವಿಡ ಲಕ್ಷಣಗಳು. ಇದೇ ಊರಿನಲ್ಲಿ ಚಾಲುಕ್ಯರ ಕಾಲದ ಸೋಮೇಶ್ವರ ಗುಡಿಯಿದೆ, ಶಂಖ ಬಸದಿಯಿದೆ. ಪುಲಿಗೆರೆಯ (ಲಕ್ಷ್ಮೇಶ್ವರದ ಹಳೆಯ ಹೆಸರು) ಕಲ್ಲುಕುಟಿಗರ ಕೈ ಮಸೀದಿಯಲ್ಲೂ ಮುಂದುವರಿದಿದೆ ಎಂದೇ ನನಗೆ ಅನ್ನಿಸುತ್ತದೆ. ಅದನ್ನು ಫೋಟೊದಲ್ಲಿ ತೋರಿಸಬೇಕೆಂಬುದೇ ನನ್ನ ಹಂಬಲ.

ಪ್ರಾರ್ಥನೆಯ ಗೋಡೆ ಪಶ್ಚಿಮಕ್ಕಿರುವುದರಿಂದ ಮಸೀದಿಯ ಮುಖಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ. ಓರೆ ಬಿಸಿಲಿನಲ್ಲಿ ಮಾತ್ರ ಕೆತ್ತನೆ ಎದ್ದು ಕಾಣುತ್ತದೆ. ಸಂಜೆ ತೆಗೆದರೆ ಮಿನಾರು ಬರೀ ಕಪ್ಪು ಆಕೃತಿ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಮಿನಾರು ಹಿಂದಕ್ಕೆ ವಾಲಿದಂತೆ ಬರುತ್ತದೆ. ದೂರ ಸರಿಯಲೇಬೇಕು. ದೂರ ಸರಿದರೆ ಯಾರದೋ ಹುಟ್ಟುಹಬ್ಬದ ಶುಭಾಶಯ! ಮಂಡಿನೋವು ಕಟ್ಟಿಕೊಂಡು ನಸುಕಿನಲ್ಲೇ ಹೋಗಿ ನಿಲ್ಲುವ ನನಗೆ ಹೊಟ್ಟೆ ಉರಿಯುತ್ತದೆ. ಪ್ರತಿವರ್ಷ ಒಂದೇ ಜಾಗದಿಂದ ತೆಗೆದ ಚಿತ್ರಗಳಿದ್ದರೆ ಎಲ್ಲಿ ಗಾರೆ ಉದುರಿತು, ಎಲ್ಲಿ ಬಿರುಕು ಬೆಳೆಯಿತು ಎಂದು ಹೋಲಿಸಿ ಹೇಳಬಹುದು. ಆ ದಾಖಲೆ ನಾಳೆ ದುರಸ್ತಿಗೆ ಬೇಕಾಗುತ್ತದೆ.

ಕಳೆದ ತಿಂಗಳು ನಡೆದದ್ದನ್ನು ಮಾತ್ರ ನಾನು ನುಂಗಿಕೊಳ್ಳಲಾರೆ. ಫ್ಲೆಕ್ಸ್ ಕಟ್ಟುತ್ತಿದ್ದವನಿಗೆ, ‘ಐದು ನಿಮಿಷ ತಡೆಯಪ್ಪ, ಒಂದು ಫೋಟೊ ತೆಗೆದುಕೊಳ್ಳುತ್ತೇನೆ’ ಎಂದೆ. ‘ಫೋಟೊ ತೆಗೆಯಲು ನಿಮಗೆ ಪರವಾನಗಿ ಇದೆಯೇನ್ರೀ?’ ಎಂದು ನನ್ನನ್ನೇ ದಬಾಯಿಸಿದ. ಅವನ ಜೊತೆಗಿದ್ದವನು ನನ್ನ ಮೊಬೈಲ್ ಕಸಿದುಕೊಂಡು ಬೆಳಗಿನಿಂದ ತೆಗೆದ ಚಿತ್ರಗಳನ್ನೆಲ್ಲ ಅಳಿಸಿದ. ಸುತ್ತ ನಿಂತವರು ನೋಡುತ್ತಲೇ ಇದ್ದರು. ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದವನು ನಾನು. ನನ್ನ ಊರಿನ ಬೀದಿಯಲ್ಲಿ ಕಳ್ಳನಂತೆ ನಿಂತಿದ್ದೆ, ಸ್ವಾಮಿ.

ಪರವಾನಗಿ ಯಾರಿಗೆ ಬೇಕು? 2016ರ ಮಾರ್ಚ್‌ನಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದೆ. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾನೂನು ಇದೆ. ಇವನ್ನು ನಾನು ತಮಗೆ ಹೇಳಿಕೊಡಬೇಕಾಗಿಲ್ಲ.

ಫ್ಲೆಕ್ಸ್ ತೆಗೆಸಿ. ಕೇಬಲ್‌ಗಳನ್ನು ಪಕ್ಕಕ್ಕೆ ಸರಿಸಿ. ಮತ್ತೆ ಕಟ್ಟಿದವರಿಗೆ ದಂಡ ಹಾಕಿಸಿ. ಸಮಿತಿ, ಸಭೆ ಯಾವುದೂ ಬೇಡ. ಮೊದಲು ಆ ಫ್ಲೆಕ್ಸ್ ತೆಗೆಸಿ.

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಲಕ್ಷ್ಮೇಶ್ವರ