ಪ್ರಳಯದ ಮೀನು ಅನ್ನುವ ಮೊದಲು ಅದರ ಅಳತೆ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ಮಲ್ಪೆಯ ದಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಕಟ್ಟೆಯಲ್ಲಿ, ಬೋಟಿನ ಲೆಕ್ಕ ಬರೆಯುವವನು. ಡೀಸೆಲ್ ಎಷ್ಟು, ಐಸ್ ಎಷ್ಟು, ಏಲಂನಲ್ಲಿ ಬಂದದ್ದೆಷ್ಟು, ಬೋಟು ನಡೆಸುವ ತಾಂಡೇಲನ ಪಾಲೆಷ್ಟು, ಬಲೆ ಎಳೆಯುವ ಕಲಾಸಿಗಳ ಮುಂಗಡದಲ್ಲಿ ಮುರಿದುಕೊಂಡದ್ದೆಷ್ಟು, ಇಪ್ಪತ್ತೆಂಟು ವರ್ಷಗಳಿಂದ ಇದೇ ಕೆಲಸ. ಸಮುದ್ರಕ್ಕೆ ಹೋದದ್ದು ಮೂರೇ ಸಲ. ಮೂರು ಸಲವೂ ವಾಂತಿ. ಹಾಗಾಗಿ ಸಮುದ್ರದ ವಿಷಯದಲ್ಲಿ ನಾನು ದೊಡ್ಡ ಮಾತಾಡುವ ಹಾಗಿಲ್ಲ. ಆದರೂ ಈ ಪತ್ರ ಬರೆಯಬೇಕಾಯಿತು. ಕಾರಣ ಒಂದು ಫೋನ್ ಕಾಲ್.

ಜೂನ್ ಮೊದಲ ವಾರ. ಮಳೆಗಾಲದ ಮೀನುಗಾರಿಕೆ ರಜೆ ಶುರುವಾಗಿ ಬೋಟುಗಳೆಲ್ಲ ಬಂದರಿನಲ್ಲಿ ಒತ್ತಾಗಿ ನಿಂತಿದ್ದವು. ನಾನು ವರ್ಷದ ಲೆಕ್ಕ ಮುಗಿಸುತ್ತ ಕೂತಿದ್ದೆ. ನಮ್ಮ ಬೋಟಿನಲ್ಲಿ ಕುಮಟಾ ಕಡೆಯ ಒಬ್ಬ ಹುಡುಗ ಇದ್ದಾನೆ. ಅವನ ತಾಯಿ ಫೋನ್ ಮಾಡಿದರು. "ರೈಟರ್ರೇ, ಮುಂಗಡದ ದುಡ್ಡು ಹೇಗಾದರೂ ಹೊಂದಿಸಿ ವಾಪಸ್ ಕೊಡ್ತೇನೆ. ಮಗನನ್ನು ಈ ವರ್ಷ ಬೋಟಿಗೆ ಕಳಿಸುವುದಿಲ್ಲ."

ಯಾಕಮ್ಮ, ಏನಾಯ್ತು ಅಂದೆ.

"ಪ್ರಳಯದ ಮೀನು ಬಂದಿದೆಯಂತಲ್ಲ. ಪೇಪರಲ್ಲೇ ಹಾಕಿದ್ದಾರೆ."

ವಾಟ್ಸಾಪಿನಲ್ಲಿ ಬಂದದ್ದು ಅಂದಿದ್ದರೆ ಸುಳ್ಳು ಬಿಡಿ ಅನ್ನಬಹುದಿತ್ತು. ಪೇಪರಲ್ಲೇ ಹಾಕಿದ್ದಾರೆ ಅಂದಾಗ ನನ್ನ ಬಾಯಿ ಕಟ್ಟಿತು.

ಅವರು ಹೇಳಿದ್ದು ಓರ್‌ಫಿಶ್ ವಿಷಯ. 2025ರ ಮೇ ಕೊನೆಯಲ್ಲಿ ತಮಿಳುನಾಡಿನ ಮೀನುಗಾರರು ಒಂದು ಓರ್‌ಫಿಶ್ ಹಿಡಿದು, ಸಾಲಾಗಿ ನಿಂತು ಎತ್ತಿ ತೋರಿಸಿದ ವಿಡಿಯೋ ಎಲ್ಲ ಕಡೆ ಓಡಾಡಿತು. ಬೆಳ್ಳಿಯ ಪಟ್ಟಿಯ ಹಾಗೆ ಉದ್ದ ಮೈ, ತಲೆಯ ಮೇಲೆ ಕೆಂಪು ಜುಟ್ಟು. ನೋಡಿದವರಿಗೆ ಮೈ ಜುಂ ಅನ್ನುವುದು ಸಹಜ. ಆದರೆ ನಾನು ಓದಿದ ನಾಲ್ಕೈದು ವರದಿಗಳಲ್ಲಿ 'ಪ್ರಳಯದ ಮೀನು' ಅನ್ನುವ ಹೆಸರು ದಪ್ಪಕ್ಷರದಲ್ಲಿತ್ತು. ಅದು ಏನು ತಿನ್ನುತ್ತದೆ, ಎಷ್ಟು ಆಳದಲ್ಲಿರುತ್ತದೆ ಅನ್ನುವುದು ಒಂದರಲ್ಲೂ ಇರಲಿಲ್ಲ.

ಆಮೇಲೆ ನಾನೇ ಹುಡುಕಿ ಓದಿದೆ. ತಾಟೆ (ಶಾರ್ಕ್), ತೊರಕೆ (ರೇ ಮೀನು) ಬಿಟ್ಟು ಗಟ್ಟಿ ಮುಳ್ಳಿರುವ ಮೀನುಗಳಲ್ಲಿ ಇದೇ ಎಲ್ಲಕ್ಕಿಂತ ಉದ್ದ. ನಂಬುವಂತೆ ಅಳೆದದ್ದೇ 8 ಮೀಟರ್ ಇದೆ. ಇರುವುದು ಸಾಮಾನ್ಯವಾಗಿ 200ರಿಂದ 1000 ಮೀಟರ್ ಆಳದಲ್ಲಿ. ನಮ್ಮ ತಾಂಡೇಲರ ಲೆಕ್ಕದಲ್ಲಿ ಹೇಳುವುದಾದರೆ ನೂರ ಹತ್ತು ಮಾರಿನಿಂದ ಐನೂರೈವತ್ತು ಮಾರು (ಒಂದು ಮಾರು ಅಂದರೆ ಸುಮಾರು ಆರಡಿ). ಅಷ್ಟುದ್ದದ ಮೀನು ತಿನ್ನುವುದೇನು ಅಂತೀರಿ? ಸಣ್ಣ ಸಣ್ಣ ಸಿಗಡಿಯಂಥ ಜೀವಿಗಳನ್ನು. ಈಜುವುದೂ ಎಷ್ಟೋ ಸಲ ಅಡ್ಡಡ್ಡ ಅಲ್ಲ, ಕಂಬದ ಹಾಗೆ ನೆಟ್ಟಗೆ ನಿಂತುಕೊಂಡು. ಕಾಯಿಲೆ ಬಿದ್ದೋ, ದಿಕ್ಕು ತಪ್ಪಿಯೋ ಮೇಲೆ ಬಂದರೆ ಸಾಯುವುದೇ ಜಾಸ್ತಿ. ಅಂದರೆ ನಾವು ಪ್ರಳಯ ತರುತ್ತದೆ ಅಂದದ್ದು ಒಂದು ಬಡಪಾಯಿ ಮೀನನ್ನು.

ಈ ಪ್ರಳಯದ ಕತೆ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಇದನ್ನು 'ರ್ಯೂಗು ನೋ ತ್ಸುಕೈ' ಅನ್ನುತ್ತಾರೆ. ಸಮುದ್ರ ದೇವರ ಅರಮನೆಯ ದೂತ ಅಂತ ಅರ್ಥ. ಎಷ್ಟು ಚಂದದ ಹೆಸರು, ಅಲ್ವಾ? 2011ರ ಮಾರ್ಚ್‌ನಲ್ಲಿ ದೊಡ್ಡ ಭೂಕಂಪ, ಸುನಾಮಿ ಆಯಿತಲ್ಲ, ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಅಲ್ಲಿನ ದಡಕ್ಕೆ ಕೆಲವು ಓರ್‌ಫಿಶ್ ಬಂದಿದ್ದವು. ಅಲ್ಲಿಂದ ದೂತ ಹೋಗಿ ಯಮದೂತ ಆದ. ಜಪಾನಿನವರು ಸುಮ್ನೆ ಕೂರಲಿಲ್ಲ. ಅಲ್ಲಿನ ಸಂಶೋಧಕರು 1928ರಿಂದ 2011ರವರೆಗೆ ಆಳದ ಮೀನುಗಳು ಮೇಲೆ ಕಂಡ 336 ದಾಖಲೆಗಳನ್ನು ಒಟ್ಟುಮಾಡಿ, 221 ಭೂಕಂಪಗಳ ಪಕ್ಕ ಇಟ್ಟು ತಾಳೆ ನೋಡಿದರು. ತಾಳೆಯಾದದ್ದು ಒಂದೇ ಒಂದು. 2019ರಲ್ಲಿ ಅದು ಅಚ್ಚಾಗಿದೆ. ನನ್ನ ಲೆಕ್ಕದ ಪುಸ್ತಕದಲ್ಲಿ 336ಕ್ಕೆ ಒಂದು ತಾಳೆಯಾದರೆ ಮಾಲೀಕರು ಮರುದಿನವೇ ನನ್ನನ್ನು ಮನೆಗೆ ಕಳಿಸುತ್ತಾರೆ.

ಇನ್ನೊಂದು ವಿಷಯ, ಅಳತೆಯದ್ದು. 2025ರ ಜನವರಿಯಲ್ಲಿ ಸ್ಪೇನಿಗೆ ಸೇರಿದ ತೆನೆರಿಫೆ ದ್ವೀಪದ ಹತ್ತಿರ ಹಗಲು ಬೆಳಕಿನಲ್ಲಿ ಒಂದು ಕಪ್ಪು ಆಂಗ್ಲರ್ ಫಿಶ್ ಕಾಣಿಸಿತು. ಹಣೆಯಿಂದ ಒಂದು ಗಾಳ ಹೊರಟು ಅದರ ತುದಿ ಮಿನುಗುವ ಮೀನು. ಆ ಬೆಳಕು ಮೀನಿನದ್ದೂ ಅಲ್ಲ, ಗಾಳದ ತುದಿಯಲ್ಲಿ ಮನೆ ಮಾಡಿರುವ ಬ್ಯಾಕ್ಟೀರಿಯಾದ್ದು. ಬಾಯಿ ತುಂಬ ಸೂಜಿ ಹಲ್ಲು. ವಿಡಿಯೋ ನೋಡಿದ ನನ್ನ ಹೆಂಡತಿ "ಅಯ್ಯೋ ದೇವರೇ, ಎಮ್ಮೆ ಗಾತ್ರ ಇರಬಹುದಾ?" ಅಂದಳು. ನಿಜವಾದ ಉದ್ದ ಸುಮಾರು 6 ಸೆಂಟಿಮೀಟರ್! ನಮ್ಮ ಬೂತಾಯಿ (ಸಾರ್ಡೀನ್) ಮೀನಿನ ಅರ್ಧದಷ್ಟೂ ಇಲ್ಲ. ಅದು ಬೇಗನೆ ಸತ್ತಿತು. ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಪಕ್ಕದಲ್ಲಿ ಒಂದು ಬೆರಳಿಟ್ಟು ಫೋಟೋ ಹಾಕಿದ್ದರೆ ಯಾರೂ ಹೆದರುತ್ತಿರಲಿಲ್ಲ, ಬದಲಿಗೆ ಪಾಪ ಅನ್ನುತ್ತಿದ್ದರು.

ಈ ಗಾಳದ ಮೀನುಗಳ ಸಂಸಾರದ ಕತೆ ಇನ್ನೂ ಚೆಂದ. ಕೆಲವು ಜಾತಿಗಳಲ್ಲಿ ಗಂಡು ಚೋಟುದ್ದದ್ದು. ಕತ್ತಲಲ್ಲಿ ಹುಡುಕಿಕೊಂಡು ಹೋಗಿ ಹೆಣ್ಣಿನ ಮೈಗೆ ಕಚ್ಚಿ ಹಿಡಿಯುತ್ತದೆ. ಆಮೇಲೆ ಬಿಡುವುದೇ ಇಲ್ಲ. ಚರ್ಮಕ್ಕೆ ಚರ್ಮ ಕೂಡಿ, ರಕ್ತನಾಳವೂ ಸೇರಿ, ಊಟವೂ ಅವಳ ರಕ್ತದಿಂದಲೇ. ನಾವು ಅಳಿಯಕಟ್ಟಿನ ಊರಿನವರು, ಮನೆ ಅಳಿಯಂದಿರನ್ನು ಬೇಕಾದಷ್ಟು ನೋಡಿದ್ದೇವೆ. ಈ ಮಟ್ಟದವರನ್ನು ನೋಡಿಲ್ಲ. ಆದರೆ ಯೋಚಿಸಿ, ಅಷ್ಟು ಕತ್ತಲಲ್ಲಿ, ಅಷ್ಟು ದೊಡ್ಡ ಜಾಗದಲ್ಲಿ ಒಮ್ಮೆ ಸಿಕ್ಕಿದ ಜೋಡಿ ಇನ್ನೊಮ್ಮೆ ಸಿಗುವುದು ಎಲ್ಲಿಂದ?

ಬ್ಲಾಬ್ ಫಿಶ್ ಫೋಟೋ ನೀವೂ ನೋಡಿರುತ್ತೀರಿ. ಜೋತುಬಿದ್ದ ಮೂಗು, ಅಳುಮುಖ, ಜೆಲ್ಲಿಯಂಥ ಮೈ. 2013ರಲ್ಲಿ ಜಗತ್ತಿನ ಅತಿ ಕುರೂಪಿ ಪ್ರಾಣಿ ಅಂತ ಅದಕ್ಕೇ ಓಟು ಬಿತ್ತು. ಅದು ಬದುಕುವುದು ಸಾವಿರ ಮೀಟರ್ ಆಸುಪಾಸಿನಲ್ಲಿ. ಪ್ರತಿ 10 ಮೀಟರ್ ಇಳಿದಾಗಲೂ ಮೇಲಿನ ಗಾಳಿಯಷ್ಟು ಒತ್ತಡ ಇನ್ನೊಂದು ಪಾಲು ಏರುತ್ತದೆ. ಅಲ್ಲಿ ಸುತ್ತಲಿನ ನೀರೇ ಆ ಮೈಯನ್ನು ಒತ್ತಿ ಹಿಡಿದಿರುತ್ತದೆ, ಆಗ ಅದೂ ಎಲ್ಲ ಮೀನಿನ ಹಾಗೆ ಮೀನೇ. ಬಲೆಯಲ್ಲಿ ಎಳೆದು ಮೇಲೆ ತಂದಾಗ ಮೈ ಕುಸಿದುಹೋಗುತ್ತದೆ. ಐಸ್ ಕರಗಿ ಎರಡು ದಿನ ಬಿಸಿಲಲ್ಲಿ ಬಿದ್ದ ಬೊಂಡಾಸ್ (ಸ್ಕ್ವಿಡ್) ತೋರಿಸಿ, ಬೊಂಡಾಸ್ ಇರುವುದೇ ಹೀಗೆ ಅಂದ ಹಾಗಾಯಿತು. ನ್ಯೂಜಿಲೆಂಡಿನವರಿಗೆ ಪಾಪ ಅನ್ನಿಸಿತೋ ಏನೋ, 2025ರಲ್ಲಿ ಅಲ್ಲಿನ 'ವರ್ಷದ ಮೀನು' ಓಟಿನಲ್ಲಿ ಅದನ್ನೇ ಗೆಲ್ಲಿಸಿದ್ದಾರೆ.

ಇವೆಲ್ಲ ದೂರದ ಸಮುದ್ರದವು ಅನ್ನಬೇಡಿ. ಸುಮಾರು ವರ್ಷಗಳ ಹಿಂದೆ ನಮ್ಮ ಒಂದು ಬೋಟು ಸಿಗಡಿ ಹುಡುಕುತ್ತ ದಿಬ್ಬ ದಾಟಿ ಆಳಕ್ಕೆ ಹೋಗಿತ್ತು. ತಾಂಡೇಲ ವಾಪಸ್ ಬಂದವನು ನನ್ನ ಟೇಬಲ್ಲಿನ ಎದುರು ಕೂತು ಹೇಳಿದ. "ರೈಟರ್ರೇ, ಫಿಶ್ ಫೈಂಡರ್ ಹಾಳಾಗಿದೆ. ಹಗಲು ಇನ್ನೂರು ಮಾರಿನಲ್ಲಿ ತಳ ತೋರಿಸ್ತದೆ. ಸಂಜೆಯಾದರೆ ತಳ ಮೇಲೆ ಬರ್ತದೆ. ತಳ ಎಲ್ಲಾದರೂ ಏಳ್ತದಾ ಮಾರಾಯ್ರೇ?" ನಾನು ರಿಪೇರಿಗೆ ಬರೆದುಕೊಂಡೆ. ಮೆಕ್ಯಾನಿಕ್ ಬಂದು ನೋಡಿ ಏನೂ ತೊಂದರೆಯಿಲ್ಲ ಅಂದು ಐನೂರು ರೂಪಾಯಿ ತೆಗೆದುಕೊಂಡು ಹೋದ.

ಮೆಷಿನ್ ಸರಿಯಾಗಿಯೇ ಇತ್ತು ಅಂತ ನನಗೆ ಗೊತ್ತಾದದ್ದು ಈಗ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೂ ಇದೇ ಗೊಂದಲ ಆಗಿತ್ತು. ಸಮುದ್ರದ ನಡುವೆ ಒಂದು ಸುಳ್ಳು ತಳ, ರಾತ್ರಿ ಏರುತ್ತದೆ, ಬೆಳಗ್ಗೆ ಇಳಿಯುತ್ತದೆ. ಅದು ತಳವಲ್ಲ, ಜೀವಿಗಳ ಹಿಂಡು. ಮೆಷಿನ್ ಕೆಳಗೆ ಬಿಡುವ ಶಬ್ದ ಅವುಗಳ ಮೈಗೆ ತಾಗಿ ವಾಪಸ್ ಬರುತ್ತದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಆ ಹಿಂಡಿನ ದೊಡ್ಡ ಪಾಲು ಲಾಂತರು ಮೀನುಗಳದ್ದು. ಬೆರಳುದ್ದದ ಮೀನು, ಹೊಟ್ಟೆಯಡಿ ಸಾಲು ದೀಪ. ದೀಪ ಯಾಕೆಂದರೆ ಕೆಳಗಿನಿಂದ ನೋಡುವ ಶತ್ರುವಿಗೆ ಮೈಯ ನೆರಳು ಕಾಣಬಾರದು. ಮೇಲಿನಿಂದ ಬರುವ ಮಬ್ಬು ಬೆಳಕಿಗೆ ಸರಿಯಾಗಿ ಹೊಟ್ಟೆಯ ಬೆಳಕನ್ನು ಹೊಂದಿಸಿ ಮಾಯವಾಗಿಬಿಡುತ್ತದೆ. ಹಗಲು ಉಸಿರಾಡುವುದಕ್ಕೇ ಆಮ್ಲಜನಕ ಸಾಲದ ಆಳದಲ್ಲಿ ಅಡಗಿ, ರಾತ್ರಿ ಊಟಕ್ಕೆ ಮೇಲೆ ಬರುತ್ತದೆ. ದಿನವೂ. ಮಲ್ಪೆ ಮಲಗಿದ ಮೇಲೆ ಪಶ್ಚಿಮಕ್ಕೆ ಆ ಕಡೆ ಇಂಥ ಲೆಕ್ಕವಿಲ್ಲದಷ್ಟು ದೀಪಗಳು ಏರಿ ಬರುತ್ತವೆ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅವತ್ತಿನ ಬಲೆಯಲ್ಲಿ ಸಿಗಡಿಯ ಜೊತೆ ಅಂಥ ಮೀನು ಎರಡು ಕ್ರೇಟು ಬಂದಿತ್ತು. ಅದರ ನಡುವೆ ಅಂಗೈಯಗಲದ್ದೊಂದು, ಮಸಿಗಪ್ಪು, ಬರೀ ಬಾಯಿ. ಕಲಾಸಿಗಳು ನಕ್ಕು, ಒಬ್ಬರಿಗೊಬ್ಬರು ಹೆದರಿಸಿ ಆಟ ಆಡಿದರು. ನಾನೂ ನೋಡಿದೆ. ಆಮೇಲೆ ಎಲ್ಲ ಫಿಶ್‌ಮೀಲಿನ ರಾಶಿಗೆ ಹೋಯಿತು. ನನ್ನ ಪುಸ್ತಕದಲ್ಲಿ ಅದಕ್ಕೆ 'ಇತರೆ' ಅಂತ ಒಂದು ಸಾಲು. ಅದು ಏನಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನನ್ನದೇ ತಪ್ಪು.

ಬ್ರಿಟಿಷರ ಕಾಲದಲ್ಲಿ, 1888ರ ಹೊತ್ತಿಗೆ, 'ಇನ್ವೆಸ್ಟಿಗೇಟರ್' ಅನ್ನುವ ಸರ್ವೆ ಹಡಗಿನಲ್ಲಿ ಆಲ್ಕಾಕ್ ಎಂಬ ಡಾಕ್ಟರ್ ಇದ್ದರು. ನಮ್ಮ ಸುತ್ತಲಿನ ಸಮುದ್ರಗಳ ಆಳದಿಂದ ಬಲೆಗೆ ಬಂದದ್ದನ್ನೆಲ್ಲ ಆರಿಸಿ, ಜಾಡಿಯಲ್ಲಿಟ್ಟು, ಹೆಸರು ಬರೆದು ಕಲ್ಕತ್ತೆಯ ಮ್ಯೂಸಿಯಮ್ಮಿಗೆ ಸೇರಿಸಿದರು. ಆ ಕಾಲದಲ್ಲಿ ಜಾಡಿಗೆ ಹೋದದ್ದು ಈಗ ಪುಡಿಯಾಗಿ ಕೋಳಿಗೂ ಸಿಗಡಿ ಕೆರೆಗೂ ಹೋಗುತ್ತಿದೆ.

ದಕ್ಕೆಯಲ್ಲಿ ಒಬ್ಬರು ಕಣ್ಣಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿನ ಕತೆ ಇದೆ. 1938ರ ಡಿಸೆಂಬರ್ 22. ಅಲ್ಲಿನ ಸಣ್ಣ ಮ್ಯೂಸಿಯಮ್ಮಿನ ಮಾರ್ಜೊರಿ ಕೋರ್ಟನೆ ಲ್ಯಾಟಿಮರ್ ಎಂಬ ಹೆಂಗಸು ಒಬ್ಬ ಟ್ರಾಲ್ ಬೋಟಿನ ಕ್ಯಾಪ್ಟನ್‌ಗೆ ಮೊದಲೇ ಹೇಳಿಟ್ಟಿದ್ದರು, ಏನಾದರೂ ಹೊಸತು ಬಂದರೆ ನನಗೆ ಹೇಳಿ ಅಂತ. ಫೋನ್ ಬಂತು. ಕ್ರಿಸ್ಮಸ್ ಹಬ್ಬದ ಗಡಿಬಿಡಿ ಬೇರೆ. ಆದರೂ ಹೋದರು. ತಾಟೆ ಮೀನಿನ ರಾಶಿಯ ಅಡಿಯಿಂದ ಒಂದು ನೀಲಿ ರೆಕ್ಕೆ ಕಾಣಿಸಿತು. ಎಳೆದು ತೆಗೆದರೆ ಐದಡಿ ಉದ್ದದ, ಐವತ್ತೇಳು ಕಿಲೋ ತೂಗುವ, ಕೈಕಾಲಿನಂಥ ರೆಕ್ಕೆಗಳ ಮೀನು. ಟ್ಯಾಕ್ಸಿಯವನು ನಾತ ಅಂತ ಹತ್ತಿಸಿಕೊಳ್ಳಲು ಒಪ್ಪಲಿಲ್ಲ, ಬೇಡಿ ಒಪ್ಪಿಸಬೇಕಾಯಿತು. ಹೆಣ ಇಡುವ ಮನೆಯವರೂ ಇಟ್ಟುಕೊಳ್ಳುವುದಿಲ್ಲ ಅಂದರು, ಕೋಲ್ಡ್ ಸ್ಟೋರೇಜಿನವರೂ ಆಗುವುದಿಲ್ಲ ಅಂದರು. ಕೊನೆಗೆ ಚರ್ಮ ಉಳಿಯಿತು, ಒಳಗಿನದೆಲ್ಲ ಹೋಯಿತು. ಅವರು ಬರೆದು ಕಳಿಸಿದ ಚಿತ್ರ ನೋಡಿದ ಸ್ಮಿತ್ ಎಂಬ ಪ್ರೊಫೆಸರ್‌ಗೆ ಗೊತ್ತಾಯಿತು, ಡೈನೊಸಾರ್‌ಗಳ ಜೊತೆ ಆರೂವರೆ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತು ಅಂದುಕೊಂಡಿದ್ದ ಸೀಲಕಾಂತ್ ಇದು ಅಂತ. ಇನ್ನೊಂದು ಸಿಗುವುದಕ್ಕೆ 14 ವರ್ಷ ಬೇಕಾಯಿತು. 1997ರಲ್ಲಿ ಇಂಡೋನೇಷ್ಯಾದಲ್ಲಿ ಅದರ ಇನ್ನೊಂದು ಜಾತಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಮೀನು ಮಾರ್ಕೆಟ್ಟಿನಲ್ಲಿ, ಕೈಗಾಡಿಯ ಮೇಲೆ. ಹೊಸದಾಗಿ ಮದುವೆಯಾಗಿ ಬಂದ ವಿಜ್ಞಾನಿಯ ಹೆಂಡತಿಯ ಕಣ್ಣಿಗೆ ಅದು ಬಿತ್ತು.

ನಮ್ಮಲ್ಲಿ ಕಣ್ಣಿಡುವವರು ಇಲ್ಲ ಅಂತಲ್ಲ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಕೇಂದ್ರ ಸರ್ಕಾರದ ಸಮುದ್ರ ಮೀನು ಸಂಶೋಧನೆಯ ಕೇಂದ್ರವಿದೆ. ಅಲ್ಲಿನವರು ದಕ್ಕೆಗೂ ಬರುತ್ತಾರೆ. ಆದರೆ ಬೋಟು ಬೆಳಗಿನ ಜಾವ ಮೂರಕ್ಕೆ ಖಾಲಿಯಾಗುತ್ತದೆ, ಯಾರು ತಾನೇ ದಿನಾ ನಿಂತುಕೊಂಡಿರುತ್ತಾರೆ? ನನ್ನ ಬೇಡಿಕೆ ಸಣ್ಣದು. ದಕ್ಕೆಯಲ್ಲಿ ಒಂದು ಐಸ್ ಪೆಟ್ಟಿಗೆ ಇಡಲಿ. ಮೇಲೊಂದು ಬೋರ್ಡು, ಒಂದು ಫೋನ್ ನಂಬರ್. ಗುರುತು ಸಿಗದ ಮೀನು ಬಂದರೆ ಅದರಲ್ಲಿ ಹಾಕುವುದು. ಎಷ್ಟು ಮಾರಿನಲ್ಲಿ, ಯಾವ ದಿಕ್ಕಿನಲ್ಲಿ ಅಂತ ಒಂದು ಚೀಟಿ ನಾನೇ ಬರೆದಿಡುತ್ತೇನೆ. ತಾಂಡೇಲರ ಜಿಪಿಎಸ್ಸಿನಲ್ಲಿ ಎಲ್ಲ ಇದೆ. ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸುವ 'ಮತ್ಸ್ಯ 6000' ಎಂಬ ಸಣ್ಣ ಜಲಾಂತರ್ಗಾಮಿಯನ್ನು ಚೆನ್ನೈಯಲ್ಲಿ ಕಟ್ಟುತ್ತಿದ್ದಾರೆ. ಆ ಆಳಸಾಗರ ಯೋಜನೆಗೆ ಕೇಂದ್ರ ಸರ್ಕಾರ 2021ರಲ್ಲಿ 4077 ಕೋಟಿ ರೂಪಾಯಿ ಮಂಜೂರು ಮಾಡಿತ್ತು. ತುಂಬ ಸಂತೋಷ. ಐಸ್ ಪೆಟ್ಟಿಗೆಯ ಖರ್ಚು ಅದರಲ್ಲಿ ಚಿಲ್ಲರೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಇನ್ನು ಮುಂದೆ ವಿಚಿತ್ರ ಮೀನಿನ ಫೋಟೋ ಹಾಕಿದರೆ ಉದ್ದ ಎಷ್ಟು, ಎಲ್ಲಿ ಸಿಕ್ಕಿತು, ಸಾಮಾನ್ಯವಾಗಿ ಎಷ್ಟು ಆಳದಲ್ಲಿರುತ್ತದೆ, ಏನು ತಿನ್ನುತ್ತದೆ, ಈ ನಾಲ್ಕು ಬರೆಯಿರಿ. ಹೆಸರು ಇಡುವ ಆಸೆಯಿದ್ದರೆ ನಮ್ಮ ಕಲಾಸಿಗಳನ್ನು ಕೇಳಿ. ಕಾರ್ಗಿಲ್ ಯುದ್ಧದ ಹೊತ್ತಿಗೆ ಬಲೆಗೆ ರಾಶಿ ರಾಶಿ ಬಂದ ಮೀನಿಗೆ ಕಾರ್ಗಿಲ್ ಅಂತಲೂ, ಕೆಂಪು ಮೈಯ ದೊಡ್ಡ ಕಣ್ಣಿನ ಮೀನಿಗೆ ಡಿಸ್ಕೋ ಅಂತಲೂ ಹೆಸರಿಟ್ಟವರು ಅವರು. ಯಾರಿಗೂ ಅದರಿಂದ ಜ್ವರ ಬಂದಿಲ್ಲ.

ಕುಮಟಾದ ಆ ತಾಯಿಗೆ 336ರ ಲೆಕ್ಕ ಫೋನಿನಲ್ಲೇ ಹೇಳಿದೆ. ಅರ್ಧ ನಂಬಿದ್ದಾರೆ. "ನೀವು ಹೇಳಿದರೆ ಆಗಲಿಲ್ಲ, ಅದು ಪೇಪರಲ್ಲಿ ಬರಲಿ" ಅಂದರು. ಆಗಸ್ಟ್ 1ಕ್ಕೆ ಬೋಟು ಹೊರಡಬೇಕು, ಹುಡುಗ ಅದಕ್ಕೆ ಎರಡು ದಿನ ಮೊದಲೇ ಮಲ್ಪೆಗೆ ಬರಬೇಕು. ಜಾಗ ಕಡಿಮೆಯಿದ್ದರೆ ಮನೆ ಅಳಿಯನ ವಿಷಯ ತೆಗೆದುಬಿಡಿ, ಜಪಾನಿನ ಲೆಕ್ಕ ಮಾತ್ರ ಬಿಡಬೇಡಿ. ಜುಲೈ ಇಪ್ಪತ್ತೈದರ ಒಳಗೆ ಹಾಕಿದರೆ ಕಟಿಂಗ್ ಕಳಿಸಲು ನನಗೆ ಅನುಕೂಲ.

ಇತಿ ನಿಮ್ಮ ಓದುಗ,
ಬೋಟಿನ ರೈಟರ್, ಮಲ್ಪೆ
(ಹೆಸರು ಬೇಡ, ಮಾಲೀಕರು ಓದುತ್ತಾರೆ)