ದಿಂಡೋರಿ ಬಗ್ಗೆ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಕಾನ್ಹಾ ಕಾಡಿಗೆ ಹೊರಟವರು ದಿಂಡೋರಿಗೂ ಎರಡು ದಿನ ಇಟ್ಟುಕೊಳ್ಳಿ. ಮಧ್ಯಪ್ರದೇಶದ ಈ ಜಿಲ್ಲೆ 1998ರಲ್ಲಿ ಮಂಡ್ಲಾದಿಂದ ಬೇರೆಯಾಯಿತು. ನರ್ಮದೆ, ಸಾಲ್ ಮರದ ಕಾಡು, ಉಳಿದಂತೆ ಹಳ್ಳಿಗಳೇ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಜನ ಆದಿವಾಸಿಗಳು, ಮುಖ್ಯವಾಗಿ ಗೊಂಡರು ಮತ್ತು ಬೈಗಾಗಳು. ಅವರು ಬೆಳೆಯುವ ಕೋದೋ, ಕುಟ್ಕಿ ಅಂದರೆ ನಮ್ಮ ಹಾರಕ, ಸಾಮೆಯೇ ಅಲ್ವಾ, ಊಟ ಹೊಸದು ಅನ್ನಿಸುವುದಿಲ್ಲ.

ಪಾಟನ್‌ಗಢ ಮಾತ್ರ ತಪ್ಪಿಸಬೇಡಿ. ಗೊಂಡ ಚಿತ್ರಕಲೆಯನ್ನು ಜಗತ್ತಿಗೆ ತೋರಿಸಿದ ಜನಗಢ ಸಿಂಗ್ ಶ್ಯಾಮ್ ಅವರ ಊರು ಅದು; ಆ ಚಿತ್ರಗಳಲ್ಲಿ ಜಿಂಕೆಯ ಕೊಂಬೇ ಮರದ ಕೊಂಬೆಯಾಗಿ ಹರಡುತ್ತದೆ, ಮೈತುಂಬ ಸಣ್ಣ ಸಣ್ಣ ಚುಕ್ಕಿ, ಹತ್ತಿರ ನಿಂತು ನೋಡಬೇಕು. ಇದೇ ಜಿಲ್ಲೆಯ ಘುಘುವಾದಲ್ಲಿ ಕಲ್ಲಾಗಿ ಹೋದ ಕೋಟ್ಯಂತರ ವರ್ಷ ಹಳೆಯ ಮರಗಳಿವೆ.

ಬೈಗಾ ಅಜ್ಜಿಯರ ಹಣೆಯ ಹಚ್ಚೆ ಕಂಡ ತಕ್ಷಣ ಸುಮ್ನೆ ಫೋಟೋ ತೆಗೆಯಬೇಡಿ, ಮೊದಲು ಕೇಳಿ. ದಿಂಡೋರಿಗೆ ಬರುವವರು ಇಲ್ಲೇ ಹೆಸರು ಹಾಕಿ.