ಫ್ಲೆಕ್ಸ್ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು, ಬರೆದು ಹೇಳಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಪಂಚಾಯ್ತಿ ಎಲೆಕ್ಷನ್ ಬರುತ್ತಂತೆ ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ನಮ್ಮ ಜಿಲ್ಲೆ ರೋಡುಗಳಲ್ಲಿ ಫ್ಲೆಕ್ಸ್ ಏಳೋಕೆ ಶುರುವಾಗುತ್ತೆ. ಡೇಟ್ ಗೊತ್ತಿರಲ್ಲ, ನೀತಿ ಸಂಹಿತೆ ಇರಲ್ಲ, ಆದ್ರೆ ಕೈಲ್ ಪೊಳ್ದ್ ಹಬ್ಬದ ಶುಭಾಶಯ, ಮಡಿಕೇರಿ ದಸರಾಕ್ಕೆ ಸ್ವಾಗತ, ಹುತ್ತರಿ ಹಬ್ಬದ ಶುಭಾಶಯ, ಅದು ಮುಗಿದ್ರೆ ನಾಯಕರ ಹುಟ್ಟುಹಬ್ಬ. ಮೇಲೆ ಸಾಲಾಗಿ ದೊಡ್ಡವರ ಫೋಟೋ, ಕೆಳಗೆ ಕೈಮುಗಿದು ನಿಂತಿರೋದು ಮುಂದೆ ಎಲೆಕ್ಷನ್‌ಗೆ ನಿಲ್ಲೋಕೆ ರೆಡಿಯಾಗಿರೋರು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ ಅಂತ ಎಲ್ರಿಗೂ ಗೊತ್ತು, ಆದ್ರೂ ಪ್ರಚಾರ ನಡೆಯೋದು ಹೀಗೇ. ಪ್ರಚಾರ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ. ಎಲ್ಲಿ ಕಟ್ಟಬಹುದು, ಎಷ್ಟು ದಿನ ಇರಬಹುದು, ಯಾರು ಬಿಚ್ಚಬೇಕು ಅಂತ ಇಡೀ ಜಿಲ್ಲೆಗೆ ಒಂದು ನಿಯಮ ಮಾಡಿ, ಒಂದೇ ಪುಟದಲ್ಲಿ, ಕನ್ನಡದಲ್ಲಿ, ಪ್ರತಿ ಪಂಚಾಯ್ತಿ ಬಾಗಿಲಲ್ಲಿ ಅಂಟಿಸಿ ಅಂತ ಕೇಳ್ಕೊಳ್ತಿದ್ದೀನಿ.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ನಮ್ಮೂರಿಗೆ ಬರೋ ರೋಡಲ್ಲಿ ಒಂದು ತಿರುವಿದೆ. ಒಂದ್ಕಡೆ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ಇನ್ನೊಂದ್ಕಡೆ ತೋಟ ಇಳಿದು ಹೋಗುತ್ತೆ. ಆ ತಿರುವಲ್ಲೇ ಕರೆಂಟ್ ಕಂಬಕ್ಕೂ ಪಕ್ಕದ ಸಿಲ್ವರ್ ಓಕ್ ಮರಕ್ಕೂ ಸೇರಿಸಿ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ರು, ರೀಪರ್ ಫ್ರೇಮು, ಮರಕ್ಕೆ ಉದ್ದುದ್ದ ಮೊಳೆ, ಕಂಬಕ್ಕೆ ಕಂಬಿ ಬಿಗಿದು. ಅದು ಇರೋವರೆಗೆ ಮೇಲಿಂದ ಇಳಿಯೋ ಬಸ್ಸು ತೀರಾ ಹತ್ರ ಬರೋ ತನಕ ಕಾಣ್ತಿರಲಿಲ್ಲ, ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಮಕ್ಕಳು ಸ್ಕೂಲಿಗೆ ನಡೆದು ಹೋಗೋದೂ ಅದೇ ಜಾಗದಲ್ಲಿ. ನಮ್ಮ ನೆರೆಯವರೊಬ್ರು ಸ್ಕೂಟರಲ್ಲಿ ಬರ್ತಿದ್ದೋರು ಬಸ್ಸು ಕಂಡು ಗಾಬರಿಯಾಗಿ ಬ್ರೇಕ್ ಹಾಕಿ ಚರಂಡಿಗೆ ಬಿದ್ದು ಕೈ ಮುರ್ಕೊಂಡ್ರು.

ಅದನ್ನ ತೆಗೆಸೋಕೆ ಹೋದ್ರೆ, ಪಂಚಾಯ್ತೀಲಿ ರೋಡು ನಮ್ದಲ್ಲ ಅಂದ್ರು, ರೋಡಿನವರು ಕಂಬ ನಮ್ದಲ್ಲ ಅಂದ್ರು, ಕರೆಂಟಿನವರು ಲೈನಿಗೆ ತಾಗ್ತಿಲ್ಲ ಬಿಡಿ ಅಂದ್ರು. ಕೊನೆಗೆ ಊರಿನ ಹುಡುಗರೇ ಏಣಿ ತಂದು ಬಿಚ್ಚಿದ್ರು. ಸಂಜೆಗೆ ಪಕ್ಷದವರು ಬಂದು ನಮ್ಮ ನಾಯಕರ ಫೋಟೋ ಮೇಲೆ ಕೈ ಹಾಕಿದ್ದು ಯಾರು, ನೀವು ಆ ಕಡೆ ಪಾರ್ಟಿಯವರಾ ಅಂತ ಜಗಳ. ಕೈ ಮುರಿದಿದ್ದು ಪಕ್ಕಕ್ಕೆ ಹೋಯ್ತು, ಬಿಚ್ಚಿದ ಹುಡುಗರು ಯಾವ ಪಾರ್ಟಿ ಅನ್ನೋದೇ ದೊಡ್ಡ ವಿಷಯ ಆಯ್ತು. ನಿಯಮ ಅಂತ ಒಂದು ಕಾಗದ ಇದ್ದಿದ್ರೆ ಆ ಹುಡುಗರು ಅದನ್ನ ತೋರಿಸಿ ಬಾಯಿ ಮುಚ್ಚಿಸಬಹುದಿತ್ತು.

ಕಾನೂನೇ ಇಲ್ಲ ಅಂತೇನಲ್ಲ. ಸಾರ್ವಜನಿಕ ಜಾಗ ವಿರೂಪ ಮಾಡೋದನ್ನ ತಡೆಯೋಕೆ ನಮ್ಮ ರಾಜ್ಯದ್ದೇ 1981ರ ಕಾಯ್ದೆ ಇದೆ, ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ. (ಒಂದು ದೊಡ್ಡ ಫ್ಲೆಕ್ಸಿಗೆ ಫ್ರೇಮ್ ಸೇರಿ ಬೀಳೋ ಖರ್ಚೇ ಅದಕ್ಕಿಂತ ಜಾಸ್ತಿ, ಆ ದಂಡಕ್ಕೆ ಯಾರು ಹೆದರ್ತಾರೆ.) 2016ರ ಮಾರ್ಚಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಆ ಪಟ್ಟೀಲಿ ಫ್ಲೆಕ್ಸೂ ಬ್ಯಾನರೂ ಇತ್ತು. 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳು ಪಿವಿಸಿ ಬ್ಯಾನರ್ ದೇಶಕ್ಕೇ ನಿಷೇಧ. ಇದ್ರಲ್ಲಿ ಯಾವುದು ನಮ್ಮ ಹಳ್ಳಿ ರೋಡಿಗೆ ಅನ್ವಯ, ಯಾರು ಜಾರಿ ಮಾಡ್ಬೇಕು ಅಂತ ಕೇಳಿದ್ರೆ ಕೆಳಗಿನ ಆಫೀಸಲ್ಲಿ ಯಾರೂ ಬಾಯಿ ಬಿಡಲ್ಲ.

ಇನ್ನು ವಿಧಾನಸಭೆ, ಲೋಕಸಭೆ ಚುನಾವಣೆ ಘೋಷಣೆ ಆದಾಗ ಏನಾಗುತ್ತೆ ನೋಡಿ. ಸರ್ಕಾರಿ ಕಟ್ಟಡದ ಮೇಲಿನದ್ದು 24 ಗಂಟೇಲಿ, ಬಸ್ ಸ್ಟ್ಯಾಂಡು ಸೇತುವೆ ಕಂಬದಂಥ ಸಾರ್ವಜನಿಕ ಜಾಗದ್ದು 48 ಗಂಟೇಲಿ, ಖಾಸಗಿ ಜಾಗದಲ್ಲಿ ಅನುಮತಿ ಇಲ್ದೆ ಹಾಕಿದ್ದು 72 ಗಂಟೇಲಿ ತೆಗೀಬೇಕು ಅಂತ ಚುನಾವಣಾ ಆಯೋಗದ ಸೂಚನೆ. ಆಗ ಯಾರ ರೋಡು, ಯಾರ ಕಂಬ ಅಂತ ಕೇಳೋ ಪ್ರಶ್ನೇನೇ ಇಲ್ಲ, ಜೀಪು ಬರುತ್ತೆ, ಏಣಿ ಬರುತ್ತೆ, ಸಂಪಾಜೆಯಿಂದ ಕುಶಾಲನಗರದವರೆಗೆ ಹೆದ್ದಾರಿ ಬದಿ ಖಾಲಿ ಆಗುತ್ತೆ. ಅಂದ್ರೆ ಮಾಡೋ ಶಕ್ತಿ ನಿಮ್ಮ ಸಿಬ್ಬಂದಿಗೆ ಇದೆ, ಅದು ಉಳಿದ ದಿನಗಳಲ್ಲೂ ಬೇಕು ಅಷ್ಟೇ.

ಮತ್ತೆ ನಮ್ಮ ಜಿಲ್ಲೆ ಮಳೆ ನಿಮಗೆ ನಾನು ಹೇಳೋದು ಬೇಡ. ಜೂನ್ ಗಾಳಿಗೆ ಅಷ್ಟಗಲದ ಶೀಟು ನಿಲ್ಲುತ್ತಾ? ಹರಿದು ತಂತಿ ಮೇಲೆ ಬೀಳುತ್ತೆ, ಇಲ್ಲಾಂದ್ರೆ ಚರಂಡಿಗೆ ಬಿದ್ದು ಮೋರಿ ಬಾಯಿಗೆ ಹೋಗಿ ಕೂರುತ್ತೆ, ನೀರು ರೋಡಿಗೆ ಬಂದು ಬರೆ ಬುಡ ಕೊರೆಯುತ್ತೆ. 2018ರ ಆಗಸ್ಟಲ್ಲಿ ಮಳೆಗೆ ಗುಡ್ಡ ಕುಸಿದದ್ದನ್ನ ಕಂಡ ಜಿಲ್ಲೆ ಇದು, ನೀರಿನ ದಾರಿ ಕಟ್ಕೊಂಡ್ರೆ ಏನಾಗುತ್ತೆ ಅಂತ ಮಕ್ಕಳಿಗೂ ಗೊತ್ತು. ಹಳೇ ಫ್ಲೆಕ್ಸನ್ನ ನಾವೇ ಸೌದೆ ಮೇಲೆ, ಕಣದಲ್ಲಿ ಕಾಫಿ ಮೇಲೆ ಹೊದಿಸ್ತೀವಿ, ಹಾಗೆ ಬಳಕೆ ಆಗೋದು ಸ್ವಲ್ಪವೇ, ಉಳಿದದ್ದು ಹೊಳೆಗೆ ಅಥವಾ ಬೆಂಕಿಗೆ. 2019ರ ಸೆಪ್ಟೆಂಬರಲ್ಲಿ ಚೆನ್ನೈಲಿ ಸ್ಕೂಟರಲ್ಲಿ ಹೋಗ್ತಿದ್ದ 23 ವರ್ಷದ ಹುಡುಗಿ ಮೇಲೆ ಬ್ಯಾನರ್ ಬಿದ್ದು ಹಿಂದಿನಿಂದ ಬಂದ ಟ್ಯಾಂಕರ್ ಹರಿದು ಜೀವ ಹೋಯ್ತು. 2024ರ ಜನವರೀಲಿ ಗದಗ ಜಿಲ್ಲೆ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋಕೆ ಹೋಗಿ ಮೂರು ಹುಡುಗರು ಕರೆಂಟ್ ಹೊಡೆದು ಹೋದ್ರು. ಕಟ್ಟೋಕೆ ಹತ್ತೋರು ಯಾವತ್ತೂ ಬಡವರ ಮನೆ ಹುಡುಗರೇ ಸಾರ್.

ಪೂರ್ತಿ ಬ್ಯಾನ್ ಮಾಡಿ ಅನ್ನೋರೂ ಇದ್ದಾರೆ, ನನಗೆ ಅದು ಸರಿ ಅನ್ಸಲ್ಲ. ದುಡ್ಡಿರೋರು ವರ್ಷವಿಡೀ ಶುಭಾಶಯದ ಹೆಸರಲ್ಲಿ ಮುಖ ತೋರಿಸಿರ್ತಾರೆ, ಮೊದಲ ಸಲ ನಿಲ್ಲೋ ಹೆಣ್ಮಗಳೋ ತೋಟದಲ್ಲಿ ಕೆಲಸ ಮಾಡೋರೋ ನಾನೂ ನಿಂತಿದ್ದೀನಿ ಅಂತ ಹೇಳೋಕೆ ಇರೋದು ಒಂದು ಸಣ್ಣ ಪೋಸ್ಟರ್ರು. ಅದಕ್ಕೆ ಪ್ರತಿ ಪೇಟೇಲಿ, ಪ್ರತಿ ಪಂಚಾಯ್ತಿ ಆಫೀಸ್ ಹತ್ರ ಒಂದು ಬೋರ್ಡ್ ಹಾಕಿಸಿ, ಎಲ್ರಿಗೂ ಒಂದೇ ಅಳತೆ ಜಾಗ ಕೊಡಿ, ಗೆದ್ದವರಿಗೂ ಹೊಸಬರಿಗೂ. ತಿರುವು, ಮರ, ಕರೆಂಟ್ ಕಂಬ, ಮೋರಿ, ಬಸ್ ತಂಗುದಾಣ, ಇಲ್ಲೆಲ್ಲಾ ಯಾರ ಫ್ಲೆಕ್ಸೂ ಬೇಡ, ಶುಭಾಶಯದ್ದೂ ಬೇಡ. ಯಾರದ್ದಾದ್ರೂ ಗೇಟಿಗೋ ಕಾಂಪೌಂಡಿಗೋ ಕಟ್ಟೋದಾದ್ರೆ ಮನೆಯವರ ಒಪ್ಪಿಗೆ ಬರವಣಿಗೇಲಿ ಇರಲಿ, ಲೈನ್ ಮನೆಯವರು ಬೇಡ ಅನ್ನೋಕೆ ಹೆದರ್ತಾರೆ ಅನ್ನೋದನ್ನ ಮರೀಬೇಡಿ. ಕಟ್ಟೋ ಮೊದಲು ಡಿಪಾಸಿಟ್ ಇಡಲಿ, ಹೇಳಿದ ದಿನಕ್ಕೆ ಬಿಚ್ಚಿದ್ರೆ ವಾಪಸ್, ಇಲ್ಲಾಂದ್ರೆ ಆ ದುಡ್ಡಲ್ಲೇ ಪಂಚಾಯ್ತಿ ಬಿಚ್ಚಿಸಲಿ. ದೂರು ಕೊಡೋಕೆ ಒಂದೇ ಫೋನ್ ನಂಬರ್, ಹೊಣೆಗೆ ಒಬ್ರೇ ಅಧಿಕಾರಿ.

ಇದನ್ನ ಶುರು ಮಾಡೋಕೆ ಪ್ರಿಂಟಿಂಗ್ ಅಂಗಡಿಯವರಿಂದಲೇ ಸುಲಭ. ಪ್ರಜಾಪ್ರತಿನಿಧಿ ಕಾಯ್ದೆ 127ಎ ಪ್ರಕಾರ ಚುನಾವಣಾ ಪೋಸ್ಟರಲ್ಲಿ ಪ್ರಿಂಟ್ ಮಾಡಿದವರ, ಮಾಡಿಸಿದವರ ಹೆಸರು ವಿಳಾಸ ಇರಲೇಬೇಕು, ಅದಕ್ಕೆ ಅವರು ಒಗ್ಗಿದ್ದಾರೆ. ಅದರ ಜೊತೆ ಅನುಮತಿ ನಂಬರು, ಬಿಚ್ಚೋ ದಿನಾಂಕ ಕೂಡ ಮೂಲೇಲಿ ಪ್ರಿಂಟ್ ಆಗ್ಲಿ, ಅದಿಲ್ದೆ ಮಷೀನಿಗೆ ಹಾಕ್ಬೇಡಿ ಅಂತ ಹೇಳಿ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯ ಪ್ರಿಂಟಿಂಗ್‌ನವರನ್ನೂ ಎಲ್ಲಾ ಪಕ್ಷದವರನ್ನೂ ಒಂದೇ ಸಭೆಗೆ ಕರೀರಿ, ಎಲೆಕ್ಷನ್ ಡೇಟ್ ಬರೋಕೆ ಮೊದ್ಲೇ ಕರೀರಿ. ಆ ತಿರುವಿನ ಫೋಟೋ ಬೇಕಿದ್ರೆ ನಾನೇ ತಂದು ಕೊಡ್ತೀನಿ.

ಇಂತಿ,
ಕೊಡಗಿನ ಒಬ್ಬ ಮತದಾರ